ಹತ್ತು ಡಾಲರಿನ ಇಂಡಿಯಾ ಲೆಕ್ಕಕ್ಕಿಲ್ಲವೇ?

ಯೂಟ್ಯೂಬಿನಲ್ಲಿ ‘ಅಸಾಸಿನ್ಸ್ ಕ್ರೀಡ್ ಮೊದಲಿನಿಂದ ಕೊನೆಯವರೆಗೆ’ ಅಂತ ಹುಡುಕಿ ನೋಡಿ. ಪಟ್ಟಿಗಳ ಮೇಲೆ ಪಟ್ಟಿ. 2007ರ ಮೊದಲ ಆಟದಿಂದ ಹೊರಟು ಇಟಲಿ, ಅಮೆರಿಕ, ಪ್ಯಾರಿಸ್, ಲಂಡನ್, ಈಜಿಪ್ಟ್, ಗ್ರೀಸ್ ಎಲ್ಲ ಸುತ್ತಿ 2025ರಲ್ಲಿ ಬಂದ ಜಪಾನಿನ ‘ಶ್ಯಾಡೋಸ್’ ತನಕ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ಪಟ್ಟಿಗಳಲ್ಲಿ ಭಾರತದ ಸುಳಿವೇ ಇಲ್ಲ. ನೋಡಿದವರು ಭಾರತದಲ್ಲಿ ನಡೆಯುವ ಆಟ ಬಂದೇ ಇಲ್ಲ ಅಂದುಕೊಳ್ಳುತ್ತಾರೆ.

ಬಂದಿದೆ. 2016ರ ಜನವರಿಯಲ್ಲೇ ಬಂದಿದೆ. ಹೆಸರು ‘ಅಸಾಸಿನ್ಸ್ ಕ್ರೀಡ್ ಕ್ರಾನಿಕಲ್ಸ್: ಇಂಡಿಯಾ’. ನಾಯಕ ಅರ್ಬಾಜ್ ಮೀರ್. ಕಾಲ 1841, ರಣಜಿತ್ ಸಿಂಗ್ ತೀರಿಕೊಂಡು ಎರಡು ವರ್ಷ ಆಗಿದೆ, ಸಿಖ್ ರಾಜ್ಯ ಇನ್ನೂ ಇದೆ, ಕಂಪನಿ ಸರ್ಕಾರ ಬಾಗಿಲಲ್ಲಿ ಕಾದು ಕೂತಿದೆ. ಕಥೆಯ ನಡುವೆ ಕೊಹಿನೂರ್ ವಜ್ರ. ವೈರಿ ವಿಲಿಯಂ ಸ್ಲೀಮನ್, ಅಂದರೆ ಠಗ್ಗರನ್ನು ಹಿಡಿಯುವ ಕಾರ್ಯಾಚರಣೆಗೆ ಹೆಸರಾದ ನಿಜವಾದ ಬ್ರಿಟಿಷ್ ಅಧಿಕಾರಿ. (ಠಗ್ಗರ ಮೇಲೆ ಕಾದಂಬರಿ ಬರೆದ ಮೆಡೋಸ್ ಟೇಲರ್ ನಮ್ಮ ಸುರಪುರಕ್ಕೆ ಆಡಳಿತ ನೋಡಲು ಬಂದದ್ದೂ ಅದೇ 1841ರಲ್ಲಿ. ಆಟದಲ್ಲಿ ಸುರಪುರ ಇಲ್ಲ, ಆಸೆ ಇಟ್ಟುಕೊಳ್ಳಬೇಡಿ.)

ಇಷ್ಟೆಲ್ಲ ಇದ್ದೂ ಇದನ್ನು ಪಟ್ಟಿಗೆ ಸೇರಿಸದವರ ಉತ್ತರ ಒಂದೇ: ‘ಅದು ಸ್ಪಿನ್-ಆಫ್ ಕಣ್ರೀ, ಮೇನ್ ಗೇಮ್ ಅಲ್ಲ.’ ಸ್ಪಿನ್-ಆಫ್ ಅಂದರೆ ದೊಡ್ಡ ಸರಣಿಯಿಂದ ಟಿಸಿಲೊಡೆದ ಚಿಕ್ಕ ಆಟ. ಟಿಸಿಲು ಅನ್ನುವುದರಲ್ಲಿ ನಮಗೆ ತಕರಾರಿಲ್ಲ. ಟಿಸಿಲು ಮರದ್ದಲ್ಲ ಅನ್ನುತ್ತಾರಲ್ಲ, ತಕರಾರು ಅಲ್ಲಿ.

ಅವರ ವಾದಗಳನ್ನೇ ತೆಗೆದುಕೊಳ್ಳೋಣ. ಮೊದಲನೆಯದು, ಆಡುವ ರೀತಿ ಬೇರೆ. ನಿಜ. ದೊಡ್ಡ ಆಟಗಳಲ್ಲಿ ಇಡೀ ಊರು ತೆರೆದಿರುತ್ತದೆ, ಯಾವ ಮಾಳಿಗೆ ಬೇಕಾದರೂ ಹತ್ತಬಹುದು. ‘ಇಂಡಿಯಾ’ದಲ್ಲಿ ಹಳೆಯ ಮಾರಿಯೊ ಥರ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಬೇಕು. ಆದರೆ ಆಡುವ ರೀತಿಯೇ ಅಳತೆಗೋಲಾದರೆ 2018ರ ‘ಒಡಿಸ್ಸಿ’ಯನ್ನು ಎಲ್ಲಿ ಇಡುತ್ತೀರಿ? ಮಾತಿಗೆ ಮಾತು ಆರಿಸುವುದು, ಲೆವೆಲ್ ಏರಿಸಿಕೊಳ್ಳುವುದು, ಹಡಗು ನಡೆಸುವುದು. 2007ರ ಆಟ ಆಡಿದವನಿಗೆ ಇದು ಅದೇ ಸರಣಿಯದ್ದು ಅಂತ ಗುರುತು ಸಿಗುವುದೇ ಕಷ್ಟ. ಅದು ಹೋಗಲಿ. ಕಥೆ ನಡೆಯುವುದು ಕ್ರಿಸ್ತಪೂರ್ವ 431ರಲ್ಲಿ. ಅಸಾಸಿನ್ ಪಂಗಡವೇ ಆಗ ಹುಟ್ಟಿಲ್ಲ! ಸರಣಿಗೆ ಹೆಸರು ಕೊಟ್ಟ ಪಂಗಡವೇ ಇಲ್ಲದ ಆಟ ಮುಖ್ಯ ಸರಣಿಯಲ್ಲಿ ಧಾರಾಳವಾಗಿ ಕೂತಿದೆ. ಅಸಾಸಿನ್ನರು, ಅವರ ವೈರಿಗಳಾದ ಟೆಂಪ್ಲರ್‌ಗಳು, ಇಬ್ಬರೂ ಕಿತ್ತಾಡುವ ಮಾಯಾವಸ್ತು, ಮೂರೂ ಇರುವ ‘ಇಂಡಿಯಾ’ ಹೊರಗೆ ನಿಂತಿದೆ. ಇದ್ಯಾವ ನ್ಯಾಯ?

ಎರಡನೆಯದು, ಹೊರಗಿನವರು ಮಾಡಿದ್ದು. ಹೌದು, ಯೂಬಿಸಾಫ್ಟ್ ಇದನ್ನು ಇಂಗ್ಲೆಂಡಿನ ಕ್ಲೈಮ್ಯಾಕ್ಸ್ ಸ್ಟುಡಿಯೋಸ್ ಕೈಯಲ್ಲಿ ಮಾಡಿಸಿತು. ಮಾಡಿಸಿದವರು ಯಾರು, ಹೆಸರು ಹಾಕಿ ಮಾರಿದವರು ಯಾರು ಅನ್ನುವುದನ್ನೂ ಕೇಳಬೇಕಲ್ಲ.

ಮೂರನೆಯದು, ಬಾಯಿಬಿಟ್ಟು ಹೇಳದ ವಾದ: ಇದು ಅಗ್ಗದ್ದು. ದೊಡ್ಡ ಆಟಗಳು 60 ಡಾಲರ್ ಇದ್ದಾಗ ಇದನ್ನು 10 ಡಾಲರ್‌ಗೆ ಮಾರಿದರು. ಒಂದು ಭಾನುವಾರದಲ್ಲಿ ಮುಗಿಸಬಹುದು. ನಮಗೆ ಅನ್ನಿಸುವುದು, ಅಸಲಿ ಕಾರಣ ಇದೇ. 2023ರ ‘ಮಿರಾಜ್’ ನೋಡಿ. ಅದು ಮೊದಲು ‘ವಲ್ಹಲ್ಲಾ’ ಆಟಕ್ಕೆ ಹೆಚ್ಚುವರಿ ಭಾಗವಾಗಿ ಶುರುವಾದದ್ದು. ಆಮೇಲೆ ಬೆಳೆಸಿದರು, ಬೇರೆ ಡಬ್ಬಿಗೆ ಹಾಕಿದರು, ಬೆಲೆ ಕಟ್ಟಿದರು, ಈಗ ಮುಖ್ಯ ಆಟ. ಅಂದರೆ ಯಾವುದು ಮನೆಮಗ, ಯಾವುದು ನೆಂಟ ಅನ್ನುವುದು ಕಥೆಯಿಂದ ತೀರ್ಮಾನ ಆಗುತ್ತಿಲ್ಲ, ರೇಟಿನ ಚೀಟಿಯಿಂದ ಆಗುತ್ತಿದೆ.

ನಮ್ಮ ಕಡೆ ಈ ಲೆಕ್ಕ ಯಾವತ್ತೂ ನಡೆದಿಲ್ಲ. ಜೈಮಿನಿ ಭಾರತದಲ್ಲಿ ಇರುವುದು ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆ. ಕುರುಕ್ಷೇತ್ರವೇ ಇಲ್ಲ. ಹಾಗಂತ ಲಕ್ಷ್ಮೀಶನ ಕಾವ್ಯದಿಂದ ‘ಭಾರತ’ ಅನ್ನುವ ಹೆಸರು ಕಿತ್ತುಹಾಕಿ ಅಂತ ಯಾರೂ ಹೇಳಲಿಲ್ಲ. ಬಬ್ರುವಾಹನನ ಕಾಳಗ ನೋಡಿ ಬಂದ ಅಜ್ಜಿ ‘ನಿನ್ನೆ ರಾತ್ರಿ ಭಾರತದ ಆಟ ಇತ್ತು’ ಅಂತಲೇ ಹೇಳುತ್ತಾಳೆ.

ಇನ್ನೊಂದು ವಿಷಯ ನಮ್ಮನ್ನು ಹೆಚ್ಚು ಕಾಡಿದ್ದು. ಈ ಸರಣಿಯ ಅಂಚಿನ ಕೋಣೆಯಲ್ಲಿ ಯಾರು ಯಾರು ಇದ್ದಾರೆ ಅಂತ ಎಣಿಸಿ. 2012ರ ‘ಲಿಬರೇಶನ್’ನ ಅವೆಲಿನ್, ಆಫ್ರಿಕನ್ ತಾಯಿಯ ಮಗಳು, ಮೊದಲು ಬಂದದ್ದು ಕೈಯಲ್ಲಿ ಹಿಡಿದು ಆಡುವ ವೀಟಾ ಯಂತ್ರಕ್ಕೆ ಮಾತ್ರ. ‘ಫ್ರೀಡಂ ಕ್ರೈ’ಯ ಅಡೆವಾಲೆ, ಗುಲಾಮನಾಗಿದ್ದು ಬಿಡುಗಡೆ ಪಡೆದವನು, ಇನ್ನೊಂದು ಆಟಕ್ಕೆ ಹೆಚ್ಚುವರಿ ಭಾಗವಾಗಿ ಬಂದ. ಚೀನಾದ ಶಾವೋ ಜುನ್, ನಮ್ಮ ಅರ್ಬಾಜ್, ಇಬ್ಬರಿಗೂ ಹತ್ತು ಡಾಲರಿನ ಆಟ. ಇದು ಪೂರ್ತಿ ಚಿತ್ರ ಅಲ್ಲ, ಒಪ್ಪುತ್ತೇವೆ. ಮೊದಲ ಆಟದ ಅಲ್ಟೇರ್ ಸಿರಿಯಾದವನು, ಮೂರನೆಯದರ ಕಾನರ್‌ನ ತಾಯಿ ಮೊಹಾಕ್ ಬುಡಕಟ್ಟಿನವಳು, 2017ರ ಬಾಯೆಕ್ ಈಜಿಪ್ಟಿನವನು. ರಷ್ಯಾದ ನಿಕೊಲಾಯ್ ಕೂಡ ಆ ಅಂಚಿನ ಕೋಣೆಯಲ್ಲೇ ಇದ್ದಾನೆ. ಕಂಪನಿಯವರು ಬೇಕಂತಲೇ ಮಾಡಿದ್ದಾರೆ ಅಂತ ನಾವು ಹೇಳುತ್ತಿಲ್ಲ. ಆದರೆ ‘ಸ್ಪಿನ್-ಆಫ್ ಲೆಕ್ಕಕ್ಕಿಲ್ಲ’ ಅಂತ ಅಭಿಮಾನಿ ಒಂದು ಗೆರೆ ಎಳೆದ ಕೂಡಲೇ ಯಾರು ಅಳಿಸಿಹೋಗುತ್ತಾರೆ ಅನ್ನುವುದನ್ನಾದರೂ ನೋಡಿ ಎಳೆಯಲಿ.

ಪತ್ರಿಕೋದ್ಯಮ ಓದಿ ಹಳ್ಳಿಯಿಂದ ಸುದ್ದಿ ಕಳಿಸುವ ನಮಗೆ ಈ ಗೆರೆ ಹೊಸದಲ್ಲ. ನಮ್ಮ ತಾಲ್ಲೂಕಿನ ಕೆರೆ ಒಡೆದ ಸುದ್ದಿ ಜಿಲ್ಲಾ ಪುಟದಲ್ಲಿ ಬರುತ್ತದೆ. ಪಕ್ಕದ ಜಿಲ್ಲೆಯಲ್ಲಿ ಪುಟ ಬದಲಾಗಿರುತ್ತದೆ, ಬೆಂಗಳೂರಿನಲ್ಲಿ ಅದು ಇರುವುದೇ ಇಲ್ಲ. ಪತ್ರಿಕೆಯ ಹೆಸರು ಅದೇ, ದಿನಾಂಕ ಅದೇ. ವರ್ಷದ ಕೊನೆಗೆ ‘ಈ ವರ್ಷದ ಪ್ರಮುಖ ಸುದ್ದಿಗಳು’ ಅಂತ ಹಾಕುವಾಗ ಮುಖಪುಟ ಮಾತ್ರ ತಿರುವಿ ನೋಡುತ್ತಾರೆ. ಹಾಗೆ ಒಡೆದ ಕೆರೆ ಒಡೆಯಲೇ ಇಲ್ಲ.

‘ಆದರೆ ಆಟ ಅಷ್ಟೇನೂ ಚೆನ್ನಾಗಿಲ್ಲವಲ್ಲ’ ಅನ್ನುವವರೂ ಇದ್ದಾರೆ. ಇಲ್ಲ ನಿಜ. ಕೆಲವು ಹಂತ ಸುಮ್ಮನೆ ತಲೆಕೆಡಿಸುತ್ತವೆ, ಕಾವಲುಗಾರ ಒಮ್ಮೆ ಕಂಡರೆ ಮತ್ತೆ ಹಿಂದಿನಿಂದ ಶುರು. ಬಣ್ಣ ಚೆಂದ, ಗೋಡೆಗೆ ಬಡಿದು ಚಿಮ್ಮುವ ಚಕ್ರ ಎಸೆಯುವುದು ಮಜಾ, ಕಥೆ ಮಾತ್ರ ತೆಳು. ಆದರೆ ಮಗ ಎಸ್ಸೆಸ್ಸೆಲ್ಸಿ ಫೇಲಾದ ಅಂತ ರೇಷನ್ ಕಾರ್ಡಿನಿಂದ ಹೆಸರು ತೆಗೆಸುತ್ತೀರಾ? ಚೆನ್ನಾಗಿದೆಯೇ ಅನ್ನುವುದು ಒಂದು ಪ್ರಶ್ನೆ, ನಮ್ಮದೇ ಅನ್ನುವುದು ಇನ್ನೊಂದು. ಎರಡನ್ನೂ ಕಲಸುವುದರಿಂದಲೇ ಈ ಜಗಳ ಇಷ್ಟು ವರ್ಷ ಎಳೆದಿರುವುದು.

ಇಷ್ಟಾದ ಮೇಲೂ ಅದು ಸರಣಿಯದ್ದಲ್ಲ ಅನ್ನುವವರು ಅದರ ಇನ್ನೊಂದು ತುದಿಯನ್ನೂ ಹಿಡಿಯಬೇಕು. ಹಾಗಾದರೆ ಈ ಸರಣಿ ಭಾರತಕ್ಕೆ ಇನ್ನೂ ಬಂದೇ ಇಲ್ಲ, ಬರಬೇಕು ಅಂತ ಕೇಳಬೇಕು. ಅದನ್ನು ಕೇಳಿದರೆ ‘ಅಮೃತಸರದ್ದು ಬಂದಿದೆಯಲ್ಲ’ ಅನ್ನುತ್ತಾರೆ. ಪಟ್ಟಿ ಮಾಡುವಾಗ ಇಲ್ಲ, ಬೇಡಿಕೆ ಇಡುವಾಗ ಇದೆ. ಒಂದು ಕಡೆ ನಿಲ್ಲಿ.

ನಾವು ಇದೆ ಅನ್ನುವ ಕಡೆ. ಕಥೆಯ ನೂಲೇ ಸಾಕ್ಷಿ. ಇಟಲಿಯ ಎಟ್ಸಿಯೋ ಈ ಸರಣಿಯ ಅತಿ ಪ್ರೀತಿಯ ನಾಯಕ. ಮುದುಕನಾದ ಮೇಲೆ ಅವನ ಹತ್ತಿರ ಕಲಿಯಲು ಚೀನಾದಿಂದ ಬಂದವಳು ಶಾವೋ ಜುನ್. ಇದು 2011ರ ‘ಎಂಬರ್ಸ್’ ಎಂಬ ಕಿರುಚಿತ್ರದಲ್ಲಿದೆ. ಅವಳು ಹೊರಡುವಾಗ ಎಟ್ಸಿಯೋ ಒಂದು ಪೆಟ್ಟಿಗೆ ಕೊಡುತ್ತಾನೆ. ಅದು 1526ರ ‘ಚೀನಾ’ದಲ್ಲಿ ಕೈತಪ್ಪುತ್ತದೆ, ‘ಇಂಡಿಯಾ’ದಲ್ಲಿ ಸ್ಲೀಮನ್ ತಂದ ವಸ್ತುವಾಗಿ ಬರುತ್ತದೆ, 1918ರ ‘ರಷ್ಯಾ’ದಲ್ಲಿ ನಿಕೊಲಾಯ್‌ಗೆ ಎದುರಾಗುತ್ತದೆ. ಆಡುವವರು ಈ ಅನುಕ್ರಮದಲ್ಲೇ ಆಡಿ. ಫೋನಿನಲ್ಲಿ ಸಿಗುವುದಿಲ್ಲ, ಕಂಪ್ಯೂಟರ್ ಅಥವಾ ಗೇಮ್ ಕನ್ಸೋಲ್ ಬೇಕು. ಮೂರಕ್ಕೂ ತುಂಬಾ ದುಬಾರಿ ಯಂತ್ರವೇನೂ ಬೇಡ. ಇಲ್ಲದಿದ್ದರೆ ಯಾರಾದರೂ ಆಡಿದ ವಿಡಿಯೊ ಇದ್ದೇ ಇದೆ. ಪಟ್ಟಿ ಮಾಡುವ ಹುಡುಗರೇ, ಮುಂದಿನ ವಿಡಿಯೊದಲ್ಲಿ ಲಂಡನ್ನಿನ ‘ಸಿಂಡಿಕೇಟ್’ ಇರುವುದು 1868ರಲ್ಲಿ. 1841 ಅದಕ್ಕಿಂತ ಮುಂಚೆ ಬರುತ್ತದೆ, ಜಾಗ ಬಿಟ್ಟುಕೊಂಡು ಬರೆಯಿರಿ.