ತೋಟದ ಮನೆಯಿಂದ ನೌಕರಿ: ಬೆಳೆಗಾರರು ಯೋಚಿಸಬೇಕಾದ ಮಾತು

ಮಕ್ಕಳಿಗೆ ಯಾವ ನೌಕರಿ ಒಳ್ಳೆಯದು ಎಂಬ ಪ್ರಶ್ನೆ ನಮ್ಮ ಬೆಳೆಗಾರರ ಮನೆಗಳಿಗೆ ಹೊಸತಲ್ಲ. ಓದಿಸಿ ಬೆಂಗಳೂರಿಗೆ ಕಳಿಸುವುದು, ಹಬ್ಬಕ್ಕೊಮ್ಮೆ ಬರುವುದನ್ನು ಕಾಯುವುದು, ವಯಸ್ಸಾದ ಮೇಲೆ ಇಬ್ಬರೇ ತೋಟ ನೋಡಿಕೊಂಡಿರುವುದು, ಇಷ್ಟೇ ನಮಗೆ ಗೊತ್ತಿದ್ದ ದಾರಿ. ಆದರೆ ಈಗ ಕೆಲವು ವರ್ಷಗಳಿಂದ ಮಕ್ಕಳೇ ಬೇರೊಂದು ಮಾತನ್ನು ಎತ್ತಿದ್ದಾರೆ. ಊರಿನಲ್ಲಿ ಕುಳಿತು ಮಾಡಬಹುದಾದ, ಬೇಕೆನಿಸಿದಾಗ ಬೇರೆ ಊರಿಗೂ ಜೊತೆಯಲ್ಲಿ ಒಯ್ಯಬಹುದಾದ ನೌಕರಿ ಸಿಕ್ಕೀತೇ ಎಂದು ಕೇಳುತ್ತಿದ್ದಾರೆ. ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

2020ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಗರದ ಕಚೇರಿಗಳೂ ಮುಚ್ಚಿದವು. ಮಕ್ಕಳು ಕಂಪ್ಯೂಟರನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದರು. ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿ ಕುಳಿತು ಕೆಲಸ ಮಾಡಿದವರನ್ನೂ ಪಾಠ ಕೇಳಿದವರನ್ನೂ ನಾವೆಲ್ಲ ಕಂಡಿದ್ದೇವೆ. ಕೆಲಸ ನಿಲ್ಲಲಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯೂ 2020ರ ನವೆಂಬರಿನಲ್ಲಿ ನಿಯಮಗಳನ್ನು ಸಡಿಲಿಸಿ, ಇಂಥ ಸೇವಾ ಕಂಪೆನಿಗಳ ನೌಕರರು ಮನೆಯಿಂದಾಗಲಿ ದೇಶದ ಯಾವುದೇ ಸ್ಥಳದಿಂದಾಗಲಿ ಕೆಲಸ ಮಾಡಲು ಅವಕಾಶ ಕೊಟ್ಟಿತು. ತಮಿಳುನಾಡಿನ ತೆಂಕಾಸಿಯ ಬಳಿ ಹಳ್ಳಿಗಾಡಿನಲ್ಲಿ ಜೋಹೋ ಕಂಪೆನಿ ಅದಕ್ಕೂ ಮೊದಲೇ, 2011ರಲ್ಲಿ, ಕಚೇರಿ ತೆರೆದಿತ್ತು. ಕಂಪ್ಯೂಟರಿನ ಕೆಲಸಕ್ಕೆ ನಗರವೇ ಬೇಕೆಂಬ ನಂಬಿಕೆ ಹೀಗೆ ಸಡಿಲಾಯಿತು.

ಆದರೆ ಆಗ ತೆರೆದ ಬಾಗಿಲು ಹಾಗೆಯೇ ತೆರೆದಿಲ್ಲ ಎಂಬುದನ್ನೂ ಹೇಳಬೇಕು. ಟಿ.ಸಿ.ಎಸ್. ಕಂಪೆನಿ 2023ರ ಅಕ್ಟೋಬರಿನಿಂದ ವಾರದ 5 ದಿನವೂ ಕಚೇರಿಗೆ ಬರಬೇಕೆಂದು ನೌಕರರಿಗೆ ಸೂಚಿಸಿತು. ಇತರ ಹಲವು ಕಂಪೆನಿಗಳೂ ತಿಂಗಳಿಗೆ ಇಷ್ಟು ದಿನವೆಂದು ಲೆಕ್ಕ ಹಾಕಿವೆ. ಮೇಲಧಿಕಾರಿ ಬಾಯಿಮಾತಿನಲ್ಲಿ ಒಪ್ಪಿದರೆಂದು ನಂಬಿ, ಬೆಂಗಳೂರಿನ ಮನೆ ಖಾಲಿ ಮಾಡಿ ಬಂದವರು ಮರುವರ್ಷವೇ ಗಂಟುಮೂಟೆ ಕಟ್ಟಬೇಕಾದ ಸಂದರ್ಭಗಳು ನಮ್ಮ ಸುತ್ತಲೇ ಇವೆ. ಆದ್ದರಿಂದ ನೌಕರಿ ಹುಡುಕುವಾಗಲೇ ಈ ವಿಷಯ ಇತ್ಯರ್ಥವಾಗಬೇಕು. ನೇಮಕಪತ್ರದಲ್ಲಿ ಕೆಲಸದ ಸ್ಥಳ ಯಾವುದೆಂದು ಬರೆದಿದೆ, ವರ್ಷಕ್ಕೆ ಎಷ್ಟು ದಿನ ಕಚೇರಿಗೆ ಹೋಗಬೇಕು, ಹೋಗಿಬರುವ ಖರ್ಚು ಯಾರದು, ಊರಿನಲ್ಲಿದ್ದರೆ ಸಂಬಳ ಕಡಿತವುಂಟೇ ಎಂಬುದನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆಯತಕ್ಕದ್ದು. ಅಡಿಕೆಯ ಫಸಲು ಗುತ್ತಿಗೆ ಕೊಡುವಾಗ ನಾವು ತೋರುವಷ್ಟು ಎಚ್ಚರಿಕೆಯನ್ನಾದರೂ ಇಲ್ಲಿ ತೋರಬೇಡವೇ?

ಎರಡನೆಯದು ಹೊತ್ತಿನ ಲೆಕ್ಕ. ಪರದೇಶದ ಗಿರಾಕಿಗಳ ಕೆಲಸವಾದರೆ ಅವರ ಗಡಿಯಾರವೇ ನಮ್ಮ ಗಡಿಯಾರ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ನಮ್ಮಲ್ಲಿ ಸಂಜೆ 6.30, ಅವರ ಚಳಿಗಾಲದಲ್ಲಿ 7.30. ಅವರ ಹೊತ್ತಿಗೇ ಪೂರ್ತಿ ದುಡಿಯುವವನು ನಡುರಾತ್ರಿ ದಾಟಿದ ಮೇಲೆ ಮಲಗಿ, ಬೆಳಿಗ್ಗೆ ಆಳುಗಳು ಬರುವಾಗ ನಿದ್ದೆಯಲ್ಲಿರುತ್ತಾನೆ. ಲಂಡನ್ನಿನ 9 ಗಂಟೆ ಎಂದರೆ ನಮಗೆ ಮಧ್ಯಾಹ್ನ 1.30 ಅಥವಾ 2.30. ಅಂಥ ಕೆಲಸದವನು ಬೆಳಗಿನ ಹೊತ್ತು ತೋಟ ಸುತ್ತಿ, ಆಳುಗಳಿಗೆ ಕೆಲಸ ಹೇಳಿ, ಸ್ನಾನ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂರಬಹುದು. ಸಂಬಳ ಸ್ವಲ್ಪ ಕಡಿಮೆಯಾದರೂ ಬೆಳೆಗಾರನ ಮಗನಿಗೆ ಈ ಎರಡನೆಯದೇ ಹೊಂದುತ್ತದೆಂಬುದು ನಮ್ಮ ಎಣಿಕೆ. ಅದೇ ರೀತಿ, ರಜೆಯನ್ನು ಕೊಯ್ಲಿನ ಕಾಲಕ್ಕೋ ಮಳೆಗೆ ಮುಂಚಿನ ಬೋರ್ಡೋ ಸಿಂಪಡಣೆಯ ಕಾಲಕ್ಕೋ ಉಳಿಸಿಟ್ಟುಕೊಳ್ಳುವುದು ಜಾಣತನ.

ಸಾಫ್ಟ್‌ವೇರ್ ಕಲಿತವರಿಗೆ ಮಾತ್ರ ಈ ದಾರಿಯೆಂದು ತಿಳಿಯಬೇಕಾಗಿಲ್ಲ. ಲೆಕ್ಕಪತ್ರ, ಭಾಷಾಂತರ, ಕಟ್ಟಡದ ನಕ್ಷೆ ತಯಾರಿ, ದೂರದ ಮಕ್ಕಳಿಗೆ ಪಾಠ, ಗಿರಾಕಿಗಳ ದೂರು ವಿಚಾರಣೆ, ಇವೆಲ್ಲವೂ ತಂತಿಯ ಮೂಲಕ ನಡೆಯುತ್ತವೆ. ಆದರೆ ಮೊದಲ ನೌಕರಿಯನ್ನೇ ಮನೆಯಲ್ಲಿ ಕುಳಿತು ಆರಂಭಿಸಬೇಡಿರೆಂದು ತರುಣರಿಗೆ ನಾವು ಹೇಳುತ್ತೇವೆ. ಎರಡು ಮೂರು ವರ್ಷ ಹಿರಿಯರ ಪಕ್ಕದಲ್ಲಿ ಕುಳಿತು ಕಲಿತ ಕೈಗೆ ಮುಂದೆ ಎಲ್ಲಿ ಕುಳಿತರೂ ಬೆಲೆ ಸಿಗುತ್ತದೆ. ಕೆಲಸ ಬಲ್ಲವನು ಷರತ್ತು ಹಾಕಬಲ್ಲ. ಹೊಸಬನಿಗೆ ಅದು ಕಷ್ಟ.

ಮೋಸದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. "ಮನೆಯಲ್ಲಿ ಕುಳಿತು ದಿನಕ್ಕೆ ಸಾವಿರಾರು ರೂಪಾಯಿ" ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಿ ಹಣ ಕಳೆದುಕೊಂಡವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನೌಕರಿ ಕೊಡುವವನು ಸಂಬಳ ಕೊಡುತ್ತಾನೆ, ಠೇವಣಿ ಕೇಳುವುದಿಲ್ಲ. ವಿದೇಶದಲ್ಲಿ ಕಂಪ್ಯೂಟರ್ ಕೆಲಸವೆಂದು ಆಸೆ ತೋರಿಸಿ ಭಾರತದ ತರುಣರನ್ನು ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಒಯ್ದು, ಇತರರನ್ನು ವಂಚಿಸುವ ಕೆಲಸಕ್ಕೆ ಕೂರಿಸಿದ ಪ್ರಕರಣಗಳೂ ನಡೆದಿವೆ. ಹಣ ಹೋಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ತಡಮಾಡಿದಷ್ಟೂ ಹಣ ಹಿಂದೆ ಬರುವ ಸಂಭವ ಕಡಿಮೆ.

ಊರೂರು ತಿರುಗುತ್ತಾ ಕೆಲಸ ಮಾಡುವ ಆಸೆಯ ಬಗ್ಗೆಯೂ ಒಂದು ಮಾತು. ಎಸ್ಟೋನಿಯಾ ದೇಶ 2020ರಲ್ಲಿ ಇಂಥವರಿಗೆಂದೇ ಪ್ರತ್ಯೇಕ ವೀಸಾ ತಂದಿತು. ನಮ್ಮ ದೇಶದಲ್ಲೇ ಸಿಕ್ಕಿಂನ ಯಾಕ್ತೆನ್ ಎಂಬ ಹಳ್ಳಿ 2025ರಲ್ಲಿ ಇಂಥ ಸಂಚಾರಿ ನೌಕರರ ಊರೆಂದು ಘೋಷಿತವಾಯಿತು. ತರುಣರು ನಾಲ್ಕು ಊರು ನೋಡಲಿ, ಅದರಲ್ಲಿ ತಪ್ಪೇನಿದೆ? ಆದರೆ ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಮಾಡುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧವೆಂಬುದನ್ನೂ, ಕಂಪೆನಿಗೆ ತಿಳಿಸದೆ ದೇಶ ದಾಟಿದರೆ ನೌಕರಿಗೇ ಸಂಚಕಾರವೆಂಬುದನ್ನೂ ಮರೆಯಬಾರದು. ನಮ್ಮ ಮಲೆನಾಡಿನ ಹೋಂಸ್ಟೇಗಳಿಗೆ ಬರುವವರೂ ಈಗ ಬಿಸಿನೀರಿಗಿಂತ ಮೊದಲು ನೆಟ್‌ವರ್ಕ್ ಇದೆಯೇ ಎಂದು ಕೇಳುತ್ತಾರೆ. ಅವರಿಗಾಗಿ ಹಾಕಿಸಿದ ಸಂಪರ್ಕ ಮನೆಮಕ್ಕಳಿಗೂ ಒದಗುತ್ತದೆ.

ಇನ್ನು ಮನೆಯ ಹಿರಿಯರಿಗೆ ನಮ್ಮ ನಿವೇದನೆ. ಮಗ ಊರಿಗೆ ಬಂದು ಕುಳಿತರೆ "ಏನು, ಕೆಲಸ ಹೋಯಿತಾ?" ಎಂದು ಕೇಳುವ ನೆರೆಹೊರೆ ನಮ್ಮದು. ಹೆಣ್ಣು ಕೊಡುವವರೂ ಊರಿನಲ್ಲಿರುವ ಹುಡುಗನೆಂದರೆ ಹಿಂಜರಿಯುತ್ತಾರೆ. ಅದಕ್ಕಿಂತಲೂ ಕಷ್ಟ ಸೊಸೆಯದು. ಅವಳು ಕಂಪ್ಯೂಟರಿನ ಮುಂದೆ ಸಭೆಯಲ್ಲಿರುವಾಗಲೇ, "ಮನೆಯಲ್ಲೇ ಇದ್ದಾಳಲ್ಲ" ಎಂದು ಆಳುಗಳ ಕಾಫಿ ತಿಂಡಿ, ಬಂದವರ ಉಪಚಾರ ಎಲ್ಲವೂ ಅವಳ ಪಾಲಿಗೆ ಬರುತ್ತವೆ. ಮನೆಯಲ್ಲಿ ಮಾಡುವ ನೌಕರಿಯೂ ನೌಕರಿಯೇ. ಅದಕ್ಕೊಂದು ಕೋಣೆ, ಮುಚ್ಚುವ ಬಾಗಿಲು, ಕೇಳಿ ಕರೆಯುವ ಅಭ್ಯಾಸ ಬೇಕು. ಇದನ್ನು ಕೊಡಲಾರದ ಮನೆಗೆ ಯಾವ ವೇಗದ ಇಂಟರ್‌ನೆಟ್ ಬಂದರೂ ಮಕ್ಕಳು ನಿಲ್ಲುವುದಿಲ್ಲ.

ಇಷ್ಟು ಮುತುವರ್ಜಿ ಏಕೆಂದರೆ, ಇದು ತೋಟದ ಉಳಿವಿನ ಪ್ರಶ್ನೆ. ಕಾಫಿಗೆ 2024-25ರಲ್ಲಿ ಒಳ್ಳೆಯ ಧಾರಣೆ ಬಂತೆಂಬುದು ನಿಜ. ಆದರೆ ಧಾರಣೆ ಏರಿದ್ದು ಇಳಿಯುವುದನ್ನೂ ನಾವು ಕಂಡವರೇ. ಎಲೆಚುಕ್ಕೆ ರೋಗ ಬಿದ್ದ ಅಡಿಕೆ ತೋಟಗಳಲ್ಲಿ ಫಸಲು ಕುಸಿದಿದೆ. ಹಳದಿ ಎಲೆ ರೋಗದ ತೋಟಗಳ ಕಥೆ ಇನ್ನೂ ಹಳೆಯದು. ಎರಡು ಮೂರು ಎಕರೆಯ ಸಂಸಾರ ಅಂಥ ವರ್ಷಗಳನ್ನು ಸಾಲವಿಲ್ಲದೆ ದಾಟಬೇಕಾದರೆ ತಿಂಗಳ ಸಂಬಳವೊಂದು ಮನೆಗೆ ಬರಬೇಕು. ಆ ಸಂಬಳದವರು ಊರಿನಲ್ಲೇ ಇದ್ದರೆ ತೋಟಕ್ಕೆ ಒಡೆಯನ ಕಣ್ಣೂ ಉಳಿಯುತ್ತದೆ. ಆದರೆ ಸಂಬಳ ಬಂತೆಂದು ತೋಟದ ಆರೈಕೆ ಬಿಟ್ಟರೆ ಎರಡೂ ಕೈತಪ್ಪುತ್ತವೆ.

ಕೊನೆಯದಾಗಿ, ಇದರಲ್ಲಿ ಸಹಕಾರ ಸಂಘಗಳ ಪಾತ್ರವೇನು? ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತಿ ಎಳೆಯುವ ಕೇಂದ್ರ ಸರಕಾರದ ಯೋಜನೆಗೆ 2011ರಲ್ಲೇ ಒಪ್ಪಿಗೆಯಾಗಿದೆ. 2015ರಿಂದ ಅದರ ಹೆಸರು ಭಾರತ್‌ನೆಟ್. ಹಲವು ಊರುಗಳಲ್ಲಿ ಬಿ.ಎಸ್.ಎನ್.ಎಲ್. ತಂತಿ ಮನೆಗಳಿಗೂ ಬಂದಿದೆ. ಆದರೆ ಮರ ಬಿದ್ದು ತಂತಿ ತುಂಡಾದರೆ, ಆಷಾಢದ ಗಾಳಿಮಳೆಯಲ್ಲಿ ವಿದ್ಯುತ್ ಹೋದರೆ, ಸಿಡಿಲಿಗೆ ಉಪಕರಣ ಸುಟ್ಟರೆ, ಒಂಟಿ ಮನೆಯವರು ದಿನಗಟ್ಟಲೆ ಕೈಕಟ್ಟಿ ಕೂರಬೇಕಾಗುತ್ತದೆ. ಇಂಥ ಎರಡು ದಿನ ಸಾಕು, ಮೇಲಧಿಕಾರಿ ಕಚೇರಿಗೇ ಬಾ ಎನ್ನಲು. ಪ್ರತಿ ಮನೆಗೂ ಬದಲಿ ವ್ಯವಸ್ಥೆ ಮಾಡುವುದು ಸಣ್ಣ ಬೆಳೆಗಾರನ ಶಕ್ತಿಗೆ ಮೀರಿದ್ದು. ಸಂಘದ ಕಟ್ಟಡದ ಒಂದು ಕೋಣೆಯಲ್ಲಿ ಎರಡು ಬೇರೆ ಬೇರೆ ಸಂಪರ್ಕ, ಬ್ಯಾಟರಿ, ಜನರೇಟರ್, ಹತ್ತು ಮೇಜು ಕುರ್ಚಿ ಇಟ್ಟು ತಿಂಗಳಿಗಿಷ್ಟು ಬಾಡಿಗೆ ಗೊತ್ತುಪಡಿಸಿದರೆ ಅಂಥ ದಿನಗಳಲ್ಲಿ ಹತ್ತು ಮನೆಗಳ ನೌಕರಿ ಉಳಿಯುತ್ತದೆ. ಹೊರಗಿನ ಸಂಪರ್ಕ ಬಳಸಲು ಕೆಲವು ಕಂಪೆನಿಗಳು ಒಪ್ಪುವುದಿಲ್ಲವಾದ್ದರಿಂದ ಬಳಸುವವರನ್ನು ಮೊದಲೇ ಕೇಳಿ ತೀರ್ಮಾನಿಸುವುದು ಲೇಸು.

ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡುವುದಕ್ಕೇ ನಾವು ಸಂಘ ಕಟ್ಟಿಕೊಂಡದ್ದು. ಗೊಬ್ಬರಕ್ಕೂ ಮಾರಾಟಕ್ಕೂ ಒದಗಿದ ಆ ಬಲ ಮಕ್ಕಳನ್ನು ಊರಿನಲ್ಲಿ ಉಳಿಸಿಕೊಳ್ಳುವುದಕ್ಕೂ ಒದಗಲಿ. ಮುಂದಿನ ವಾರ್ಷಿಕ ಮಹಾಸಭೆಗೆ ಬರುವಾಗ ಸದಸ್ಯ ಬಾಂಧವರು ತಮ್ಮ ಮನೆಯಲ್ಲಿ ಇಂಥ ನೌಕರಿಯಲ್ಲಿರುವವರು, ಹುಡುಕುತ್ತಿರುವವರು ಎಷ್ಟು ಜನ ಎಂಬ ಲೆಕ್ಕವನ್ನು ತರಬೇಕೆಂದೂ, ಸಾಧ್ಯವಾದರೆ ಆ ಮಕ್ಕಳನ್ನೇ ಕರೆತಂದು ಮಾತನಾಡಿಸಬೇಕೆಂದೂ ಕೋರುತ್ತೇವೆ.