ಹಿತ್ತಿಲ ಹಸಿರು: ಕವಳಿಯ ಬೇಲಿ

ಕಣ್ಣಿಗೂ ಒಪ್ಪುವ, ದನವನ್ನೂ ತಡೆಯುವ, ಹೆಚ್ಚಿನ ಆರೈಕೆಯನ್ನು ಬಯಸದ ಬೇಲಿಗಿಡ ಯಾವುದೆಂದು ಸೋದರಿಯೊಬ್ಬರು ಕೇಳಿರುವರು. ಪರದೇಶದ ಸಸಿಗೆ ಹಣ ತೆರುವ ಮುನ್ನ ನಮ್ಮ ಗುಡ್ಡದ ಕವಳಿಯನ್ನು ನೆನೆಯಿರೆಂಬುದೇ ನನ್ನ ಉತ್ತರ. ತುಳುನಾಡಿನವರು ಇದನ್ನು ಕರಂಡೆಯೆನ್ನುವರು. ಸಂಸ್ಕೃತದಲ್ಲಿ ಇದು ಕರಮರ್ದಕ. ಅಮರಕೋಶದಲ್ಲಿ ಇದಕ್ಕೆ ‘ಕೃಷ್ಣಪಾಕಫಲ’ವೆಂಬ ಹೆಸರೂ ಉಂಟು. ಮಾಗಿದಾಗ ಕಪ್ಪಾಗುವ ಹಣ್ಣುಳ್ಳದ್ದೆಂದು ಅರ್ಥ.

ಮಂಕಿಯ ಸುತ್ತಣ ಜಂಬಿಟ್ಟಿಗೆಯ ನೆಲ ಬೇಸಗೆಯಲ್ಲಿ ಹಂಚಿನಂತೆ ಕಾಯುವುದು. ಅಂತಹ ನೆಲದಲ್ಲಿಯೂ ಕವಳಿ ಬದುಕುವುದು. ಮಿರುಗುವ ದಪ್ಪ ಎಲೆ, ಜೋಡಿ ಮುಳ್ಳು, ಮಲ್ಲಿಗೆಯನ್ನು ಹೋಲುವ ಬಿಳಿಯ ಕಂಪಿನ ಹೂವು, ವೈಶಾಖದ ಹೊತ್ತಿಗೆ ಗೊಂಚಲು ಗೊಂಚಲಾಗಿ ಹಣ್ಣು. ಅಲಂಕಾರಕ್ಕೆ ಇನ್ನೇನು ಬೇಕು?

ಚೆನ್ನಾಗಿ ಮಾಗಿದ ಹಣ್ಣನ್ನು ಕಿವುಚಿ ಬೀಜವನ್ನು ತೊಳೆದು ನೆರಳಿನಲ್ಲಿ ಆರಿಸಿ, ಕೆಲವೇ ದಿನಗಳೊಳಗೆ ಬಿತ್ತಿರಿ. ಹಳೆಯ ಬೀಜ ಮೊಳೆಯದು. ಮರುವರ್ಷದ ಮಳೆಗಾಲಕ್ಕೆ ಸಸಿಗಳನ್ನು 2 ಅಡಿಗೊಂದರಂತೆ ನೆಡಿರಿ. ನೀರು ನಿಲ್ಲುವ ಸ್ಥಳ ಬೇಡ. ಮೊದಲ ಬೇಸಗೆಯಲ್ಲಿ ಮಾತ್ರ ತಪ್ಪದೆ ನೀರೆರೆಯಿರಿ.

ಇನ್ನು ನನ್ನದೊಂದು ಅವಿವೇಕವನ್ನು ಹೇಳಬೇಕು. ಎರಡು ವರ್ಷಗಳ ಹಿಂದೆ, ಮಾಘಮಾಸದಲ್ಲಿ, ಬೇಲಿಯನ್ನು ಪುಸ್ತಕದ ಅಂಚಿನಂತೆ ಸಮನಾಗಿ ಕತ್ತರಿಸಿ ಹಿಗ್ಗಿದೆನು. ರಜೆಗೆ ಬಂದ ಮೊಮ್ಮಗಳು ಬೇಲಿಯುದ್ದಕ್ಕೂ ನಡೆದು, “ಅಜ್ಜಾ, ಹಣ್ಣೆಲ್ಲಿ?” ಎಂದಳು. ಕವಳಿ ಹೂಬಿಡುವುದು ಕುಡಿಯ ತುದಿಯಲ್ಲಿ. ನಾನು ಕಡಿದೊಗೆದುದು ಆ ತುದಿಗಳನ್ನೇ! ಗುಡ್ಡದಲ್ಲಾದರೂ ಕೊಯ್ದುಕೊಡುವೆನೆಂದು ಅವಳನ್ನು ಕರೆದೊಯ್ದೆನು. ಬಾಲ್ಯದಲ್ಲಿ ನಾವು ಉಡಿ ತುಂಬಿಕೊಳ್ಳುತ್ತಿದ್ದ ಜಾಗದಲ್ಲಿ ಕಲ್ಲುಗಣಿ ಬಾಯ್ದೆರೆದಿತ್ತು. ಮಗು ಏನೂ ಅನ್ನಲಿಲ್ಲ. ನನ್ನ ಕೈಹಿಡಿದು ಹಿಂದಿರುಗಿತು.

ಅಂದಿನಿಂದ ಹಣ್ಣು ಮುಗಿದು ಮಳೆ ಹಿಡಿದ ಮೇಲಲ್ಲದೆ ನಾನು ಕತ್ತರಿಯನ್ನು ಮುಟ್ಟುವುದಿಲ್ಲ. ಆಗ ಕತ್ತರಿಸಿದರೆ ಹೊಸ ಕುಡಿಯೊಡೆದು ಬಲಿಯಲು ಕಾಲಾವಕಾಶ ದೊರೆಯುವುದು. ಬೇಲಿ ತುಸು ಅಂಕುಡೊಂಕಾದರೆ ಆಗಲಿ.

ಗೃಹಿಣಿಯರಿಗೊಂದು ಮಾತು: ತೊಟ್ಟು ಮುರಿದೊಡನೆ ಅಂಟುಹಾಲು ಒಸರುವುದರಿಂದ ಎಳೆಗಾಯಿಯನ್ನು ಉಪ್ಪುನೀರಿನಲ್ಲಿ ನೆನೆಸಿ ತೊಳೆದು ಉಪ್ಪಿನಕಾಯಿ ಹಾಕಿರಿ. ಆದರೆ ಎಲ್ಲವನ್ನೂ ಎಳೆಯದಾಗಿಯೇ ಕೊಯ್ಯಬೇಡಿರಿ. ಮಕ್ಕಳಿಗೆಂದು ಕೆಲವು, ಹಕ್ಕಿಗಳಿಗೆಂದು ಕೆಲವು, ಬೀಜಕ್ಕೆಂದು ಒಂದು ಹಿಡಿ ಕಪ್ಪಾಗುವವರೆಗೆ ಗಿಡದಲ್ಲಿಯೇ ಇರಲಿ.

ಈ ವೈಶಾಖದಲ್ಲಿ ಮೊಮ್ಮಗಳು ತುಟಿ ನೇರಳೆಯಾಗುವಷ್ಟು ತಿಂದಳು. ಹೊರಡುವಾಗ ಅವಳ ಮುಷ್ಟಿಯಲ್ಲಿ ಬೀಜಗಳಿದ್ದುವು.