ಚಂದ್ರನ ಮ್ಯಾಲೂ ಕೇರಿ ಇರತೈತೇನು?

"ಹಸಿದವರ ಮುಂದ ಚಂದ್ರಲೋಕದ ಕತೀ ಓದ್ತೀರೇನು? ನಿಮಗ ನಾಚಿಕಿ ಬರೂದಿಲ್ಲೇನು?"

ಹೀಗೆ ಕೇಳಿದವರು ಪುರೋಹಿತಶಾಹಿಗಳಲ್ಲ, ಯಥಾಸ್ಥಿತಿವಾದಿಗಳಲ್ಲ. ನಮ್ಮವರೇ. ನಿಪ್ಪಾಣಿಯ ಹಿರಿಯ ಸಂಗಾತಿಯೊಬ್ಬರು. ಬೀಡಿ ಸುತ್ತುವ ಹೆಣ್ಣುಮಕ್ಕಳ ಕೂಲಿಗಾಗಿ ಬೀದಿಗಿಳಿದವರು, ಜೇಲು ಕಂಡವರು. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತೇವೆ. ಅವರ ಮೇಲೆ ನನಗೆ ಗೌರವವಿದೆ. ಗೌರವ ಇರುವುದರಿಂದಲೇ ಸುಮ್ಮನಿರದೆ ಈ ಉತ್ತರ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ತಿಂಗಳಿಗೊಂದು ರವಿವಾರ ಚಿಕ್ಕೋಡಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ರಾಯಬಾಗದ ಕಡೆಯ ಇಬ್ಬರು ಸಾಲೀ ಮಾಸ್ತರರು, ಅಥಣಿಯಿಂದ ಚಪ್ಪಲಿ ಹೊಲಿಯುವ ಒಬ್ಬ ಗೆಳೆಯ, ಕಾಗವಾಡದ ಕಬ್ಬಿನ ಸೀಮೆಯಿಂದ ಒಬ್ಬ, ನಿಪ್ಪಾಣಿಯಿಂದ ಕಾಲೇಜು ಕಲಿಯುವ ಮೂವರು ಹುಡುಗಿಯರು. ಚಹಾದಂಗಡಿಯ ಹಿಂದಿನ ಖೋಲಿ. ಇಂಗ್ಲಿಷ್, ಮರಾಠಿ ಬಲ್ಲವರು ಓದಿಕೊಂಡು ಬಂದು ಕನ್ನಡದಾಗ ಹೇಳತಾರ. ಉಳಿದವರು ಕೇಳಿ ಜಗಳಾಡತಾರ. ಆರು ತಿಂಗಳಿಂದ ನಾವು ಜಗಳಾಡುತ್ತಿರುವುದು ಅದ್ಭುತ ಕತೆಗಳ ಮೇಲೆ, ವೈಜ್ಞಾನಿಕ ಕಾದಂಬರಿಗಳ ಮೇಲೆ. ಒಂದು ರವಿವಾರ ಕಾಕಾ ಬಂದರು. ಅರ್ಧ ತಾಸು ಕೇಳಿದರು. ಮೇಲಿನ ಮಾತು ಅಂದು ಎದ್ದು ಹೋದರು.

ಕಾಕಾ, ಫ್ಯಾಂಟಸಿ ಅನ್ನುವುದು ಹೊಟ್ಟೆ ತುಂಬಿದವರ ಆಟವೆಂದು ನೀವು ಹೇಳುತ್ತೀರಿ. ಈ ನೆಲದ ಅತಿ ದೊಡ್ಡ ಫ್ಯಾಂಟಸಿ ಯಾವುದು ಹೇಳಿ. ಒಬ್ಬ ಪುರುಷನಿದ್ದನಂತೆ. ಅವನಿಗೆ ಸಾವಿರ ತಲೆ, ಸಾವಿರ ಕಣ್ಣು. ದೇವತೆಗಳು ಅವನನ್ನೇ ಬಲಿಯಾಗಿಸಿ ಯಜ್ಞ ಮಾಡಿದರಂತೆ. ಬಾಯಿಂದ ಬ್ರಾಹ್ಮಣ, ತೋಳಿಂದ ಕ್ಷತ್ರಿಯ, ತೊಡೆಯಿಂದ ವೈಶ್ಯ, ಪಾದದಿಂದ ಶೂದ್ರ. ನಮಗೆ ಆ ಪಾದದಾಗೂ ಜಾಗಾ ಇಲ್ಲ. ಇದನ್ನು ಕತೆಯೆಂದು ಕೇಳಿ ನಕ್ಕು ಮಲಗಿದ್ದರೆ ಯಾರಿಗೂ ಕೇಡಿರಲಿಲ್ಲ. ಆದರೆ ಅದು ಕಾನೂನಾಯಿತು. ಬಾವಿಯ ಕಾನೂನು, ಹಾದಿಯ ಕಾನೂನು, ಹೆಣ ಸುಡುವ ಜಾಗದ ಕಾನೂನು. ಯಾವನೋ ಕಟ್ಟಿದ ಕತೆಯೊಳಗೆ ನಾವು ಸಾವಿರಾರು ವರ್ಷ ಪಾತ್ರಗಳಾಗಿ ದುಡಿದಿದ್ದೇವೆ, ಅದೂ ಕೂಲಿಯಿಲ್ಲದೆ. ಕತೆಗೆ ಇಷ್ಟು ಬಲ ಇರುವಾಗ ಕತೆ ಕಟ್ಟುವ ಕಸುಬನ್ನು ಅವರ ಕೈಗೇ ಬಿಟ್ಟು ನಾವು ಬರೀ ಮನವಿ ಪತ್ರ ಬರೆಯುತ್ತ ಕೂಡ್ರಬೇಕೇನು?

ಜ್ಯೋತಿಬಾ ಫುಲೆ ಹಾಗೆ ಬಿಡಲಿಲ್ಲ. 1873ರ 'ಗುಲಾಮಗಿರಿ'ಯಲ್ಲಿ ಅವರು ಮಾಡಿದ್ದೇನು? ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ, ಪರಶುರಾಮ – ಒಂದೊಂದೇ ಅವತಾರವನ್ನು ಎಳೆತಂದು ಪ್ರಶ್ನೆಯ ಮುಂದೆ ನಿಲ್ಲಿಸಿದರು. ಪಾತಾಳಕ್ಕೆ ತುಳಿಸಿಕೊಂಡ ಬಲಿಯನ್ನು ಜನರ ರಾಜನೆಂದು ಎತ್ತಿ ನಿಲ್ಲಿಸಿದರು. ಆ ಪುಸ್ತಕವನ್ನು ಅರ್ಪಿಸಿದ್ದು ಗುಲಾಮಗಿರಿ ತೆಗೆದುಹಾಕಿದ ಅಮೆರಿಕದ ಜನರಿಗೆ. ಅದ್ಭುತ ಕತೆಯನ್ನು ನಮ್ಮ ಕಡೆಯಿಂದ ಓದುವುದು ಹೇಗೆ ಎಂಬ ಮೊದಲ ಪಾಠ ಅದು. ನಮ್ಮ ಖೋಲಿಯಲ್ಲಿ ನಡೆಯುವುದು ಅದೇ ಓದು.

ಕಾಕಾ ಇನ್ನರ್ಧ ತಾಸು ಕುಂತಿದ್ದರೆ ಏನು ಕೇಳುತ್ತಿದ್ದರು, ಹೇಳುತ್ತೇನೆ.

ಮೊದಲು 'ಚಂದಮಾಮ'ದ ಬೇತಾಳ. ರಾಯಬಾಗದ ಮಾಸ್ತರರು ಅಂದರು: "ರಾಜಾ ವಿಕ್ರಮ ಹೆಗಲ ಮ್ಯಾಲ ಹೆಣ ಹೊತ್ತ ಅಂತ ಸಣ್ಣಂವಿದ್ದಾಗಿಂದ ಓದೇನಿ. ನಮ್ಮಪ್ಪನೂ ಹೊತ್ತಾನ. ಅಂವಗ ಯಾ ಬೇತಾಳನೂ ಕತೀ ಹೇಳಲಿಲ್ಲ." ಹೆಣ ಹೊತ್ತರೆ ರಾಜನಿಗೆ ಸಾಹಸ, ನಮಗೆ ಮೈಲಿಗೆ. ಹರಿಶ್ಚಂದ್ರ ಸುಡುಗಾಡು ಕಾದ ಎಂದು ಊರೆಲ್ಲ ಕಣ್ಣೀರು ಹಾಕುತ್ತದೆ. ಅವನನ್ನು ಕೊಂಡ ವೀರಬಾಹು ಅಲ್ಲಿಯೇ ಇದ್ದ, ಅವನ ಮಗನೂ ಅಲ್ಲಿಯೇ ಉಳಿದ. ಅವನಿಗಾಗಿ ಯಾರು ಅತ್ತರು?

ಆಮೇಲೆ ಎಚ್. ಜಿ. ವೆಲ್ಸ್‌ನ 'ಟೈಮ್ ಮಶೀನ್', 1895ರ ಕಾದಂಬರಿ. ಒಬ್ಬ ಮನುಷ್ಯ ಯಂತ್ರದ ಮೇಲೆ ಕುಂತು 8,02,701ನೇ ಇಸವಿಗೆ ಹೋಗುತ್ತಾನೆ. ಅಲ್ಲಿ ನೆಲದ ಮೇಲೆ ಎಲಾಯ್ ಎಂಬ ಚೆಂದನೆಯ ಜನ. ಕೆಲಸವಿಲ್ಲ, ಹಣ್ಣು ತಿಂದು ಆಡುತ್ತಾರೆ. ನೆಲದ ಕೆಳಗೆ ಕತ್ತಲಲ್ಲಿ ಮಾರ್ಲಾಕರು. ಯಂತ್ರ ತಿರುಗಿಸುವವರು, ಮೇಲಿನವರಿಗೆ ಬೇಕಾದದ್ದನ್ನು ಮಾಡಿಕೊಡುವವರು. ರಾತ್ರಿ ಮೇಲೆ ಬಂದು ಎಲಾಯ್‌ಗಳನ್ನು ಹಿಡಿದು ತಿನ್ನುತ್ತಾರೆ. ವೆಲ್ಸ್ ಸಮಾಜವಾದಿ. ಮಾಲೀಕ–ಕೂಲಿ ಭೇದ ಎಲ್ಲಿಗೆ ಮುಟ್ಟೀತು ಎಂದು ಎಚ್ಚರಿಸಲು ಬರೆದ. ಸರಿ. ಆದರೆ ನಿಪ್ಪಾಣಿಯ ಹುಡುಗಿಯೊಬ್ಬಳು ಒಂದೇ ಮಾತಿನಲ್ಲಿ ಅವನನ್ನು ಹಿಡಿದಳು. ಆಕೆಯ ತಾಯಿ ತಂಬಾಕಿನ ವಖಾರಿಯಲ್ಲಿ ಪುಡಿ ಸಾಣಿಸುವವಳು. ಹುಡುಗಿ ಅಂದಳು: "ಕತೀ ಹೇಳಾಂವ ಮ್ಯಾಲಿನವರ ಸಂಗಾಟ ಕುಂತಾನ್ರಿ. ಅದಕ್ಕ ಕೆಳಗಿನವರು ಅಂವಗ ರಾಕ್ಷಸರಾಗಿ ಕಂಡಾರ. ಕೆಳಗಿಳದು ಒಂದ ದಿನಾ ಅವರ ಕೂಡ ಕೆಲಸಾ ಮಾಡಿದ್ರ ಬ್ಯಾರೆ ಕಾದಂಬರಿ ಆಗತಿತ್ತು." ಎಂಟು ಲಕ್ಷ ವರ್ಷ ಮುಂದೆ ಹೋದರೂ ಕೇರಿ ಹೋಗಲಿಲ್ಲ, ಕಾಕಾ. ನೆಲದ ಕೆಳಗೆ ಇಳಿಯಿತು, ಅಷ್ಟೇ.

ಥಾಮಸ್ ಮೋರ್ 1516ರಲ್ಲಿ 'ಯುಟೋಪಿಯಾ' ಬರೆದ. ಆದರ್ಶ ರಾಜ್ಯಕ್ಕೆ ಇಂದಿಗೂ ಜಗತ್ತು ಇಟ್ಟುಕೊಂಡಿರುವ ಹೆಸರೇ ಅದು. ಅಲ್ಲಿ ಖಾಸಗಿ ಆಸ್ತಿಯಿಲ್ಲ, ಬಂಗಾರಕ್ಕೆ ಬೆಲೆಯಿಲ್ಲ. ಆದರೆ ದನ ಕೊಯ್ಯುವ ಕೆಲಸ? ಅದಕ್ಕೆ ಗುಲಾಮರು. ಕೊಯ್ಯುವ ಜಾಗ? ಊರ ಹೊರಗೆ. ಇದನ್ನು ಓದಿದಾಗ ಅಥಣಿಯ ಗೆಳೆಯ ಕೈಯಲ್ಲಿದ್ದ ಚಹಾ ಕೆಳಗಿಟ್ಟ. "ಇದು ನಮ್ಮೂರ ನಕಾಶೆ ಐತೆಲ್ಲೋ!" ಅಂದ.

ಅವನೇ ಮುಂದಿನ ರವಿವಾರ ರವಿದಾಸರ ಬೇಗಂಪುರ ತಂದ. ರವಿದಾಸರು ಕಾಶಿಯವರು, ಚರ್ಮದ ಕೆಲಸದವರು, ಹೆಚ್ಚುಕಡಿಮೆ ಮೋರ್‌ನ ಕಾಲದ ಆಸುಪಾಸಿನವರು. ಅವರು ಹಾಡಿದ ಊರಿನಲ್ಲಿ ದುಃಖವಿಲ್ಲ, ಕಂದಾಯದ ಕಾಟವಿಲ್ಲ, ಎರಡನೇ ದರ್ಜೆ ಮೂರನೇ ದರ್ಜೆ ಎಂಬುದಿಲ್ಲ. ಯಾರು ಎಲ್ಲಿ ಬೇಕಾದರೂ ಅಡ್ಡಾಡಬಹುದು. ಸಾಂಗಲಿ ಜಿಲ್ಲೆಯ ಕಾಸೆಗಾಂವದಲ್ಲಿ ನೆಲೆಸಿ 2021ರಲ್ಲಿ ತೀರಿಕೊಂಡ ಗೇಲ್ ಆಮ್ವೆಡ್ಟ್, ಜಾತಿವಿರೋಧಿ ಚಿಂತನೆಯ ಚರಿತ್ರೆ ಬರೆದಾಗ ಈ ಊರಿನ ಹೆಸರನ್ನೇ ಪುಸ್ತಕಕ್ಕೆ ಇಟ್ಟರು. ಇಬ್ಬರೂ ಇಲ್ಲದ ಊರನ್ನು ಕಲ್ಪಿಸಿದರು. ಇಂಗ್ಲೆಂಡಿನ ದೊಡ್ಡ ಅಧಿಕಾರಿಯ ಕಲ್ಪನೆಗೆ ಗುಲಾಮ ಬೇಕಾದ. ಚಪ್ಪಲಿ ಹೊಲಿಯುವವನ ಕಲ್ಪನೆಗೆ ಬೇಕಾಗಲಿಲ್ಲ. ಕಲ್ಪನೆಗೂ ಜಾತಿ ಇದೆ, ವರ್ಗ ಇದೆ. ಯಾರು ಕನಸು ಕಾಣುತ್ತಾರೆ ಎಂಬುದರ ಮೇಲೆ ಕನಸಿನ ಊರಿನ ಹಾದಿಗಳು ನಿಂತಿವೆ.

ನಮ್ಮ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ಹೊಲಿಯುವ ಚಪ್ಪಲಿಗೆ ಕೊಲ್ಹಾಪುರಿ ಎಂಬ ಹೆಸರು. 2019ರಲ್ಲಿ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯನ್ನು ಮಿಲಾನ್‌ನ ವೇದಿಕೆಯ ಮೇಲೆ ನಡೆಸಿತು. ಗದ್ದಲವಾದ ಮೇಲೆ ಪ್ರೇರಣೆ ಭಾರತದ್ದೆಂದು ಒಪ್ಪಿತು. ಚಪ್ಪಲಿ ಕಡಲು ದಾಟಿತು, ಹೊಲಿದವನು ಅಥಣಿಯ ಖೋಲಿಯಲ್ಲೇ ಉಳಿದ. ಇದು ಯಾವ ಅದ್ಭುತ ಕತೆಗೆ ಕಡಿಮೆ?

ಕಾಗವಾಡದ ಗೆಳೆಯ ಮೆಚ್ಚಿದ್ದು ಆಕ್ಟೇವಿಯಾ ಬಟ್ಲರ್ ಎಂಬ ಕರಿಯ ಹೆಣ್ಣುಮಗಳ 'ಕಿಂಡ್ರೆಡ್'. ನಮ್ಮ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ 1979ರಲ್ಲೇ ಬಂದ ಕಾದಂಬರಿ. ಬಟ್ಲರ್‌ಳ ತಾಯಿ ಬಿಳಿಯರ ಮನೆಗೆಲಸದವಳು, ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದವಳು. ಕಾದಂಬರಿಯಲ್ಲಿ 1976ರ ಕ್ಯಾಲಿಫೋರ್ನಿಯಾದ ಡೇನಾ, ಕಣ್ಣು ಕತ್ತಲೆ ಬಂದು ಎಚ್ಚರಾದರೆ ಗುಲಾಮರ ಕಾಲದ ಮೇರಿಲ್ಯಾಂಡಿನಲ್ಲಿರುತ್ತಾಳೆ. ಮತ್ತೆ ಬರುತ್ತಾಳೆ, ಮತ್ತೆ ಎಳೆದೊಯ್ಯಲ್ಪಡುತ್ತಾಳೆ. ಕಡೆಯ ಸಲ ಬರುವಾಗ ಅವಳ ಒಂದು ಕೈ ಆ ಕಾಲದಲ್ಲೇ ಉಳಿಯುತ್ತದೆ. ಯಂತ್ರವಿಲ್ಲ, ರಾಕೆಟ್ಟಿಲ್ಲ. ಗೆಳೆಯ ಅಂದ: "ನಮಗ ಯಂತ್ರ ಯಾಕ ಬೇಕು? ಸಂಜೀ ಆರರ ಬಸ್ಸು ಸಾಕು. ಚಿಕ್ಕೋಡ್ಯಾಗ ಒಂದ ಬಾಕಿನ ಮ್ಯಾಲ ಕುಂತು ಚಹಾ ಕುಡದು ಹತ್ತತೇನಿ. ಊರಾಗ ಇಳದ್ರ ಇನ್ನೂರ ವರ್ಷ ಹಿಂದ. ನನ್ನದೂ ಒಂದ ಕೈ ಅಲ್ಲೇ ಉಳದೈತಿ." ಖೋಲಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಇದು ವಿಮರ್ಶೆ ಅಲ್ಲವೇ? ಪದವಿಯ ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ ಯಾವ ವಿಮರ್ಶೆ ಇಷ್ಟು ಹತ್ತಿರ ಬಂದಿತ್ತು?

ಇನ್ನು ನಮ್ಮ ನುಡಿಗಳದ್ದು. ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಖಗೋಳ ವಿಜ್ಞಾನಿ ಜಯಂತ ನಾರಳೀಕರ ಮರಾಠಿಯಲ್ಲಿ ವಿಜ್ಞಾನ ಕತೆ ಬರೆದರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಪ್ಪು ಕುಳಿಯ ಮೇಲಿನ ಕತೆಯನ್ನು ಸುಳ್ಳು ಹೆಸರಿನಲ್ಲಿ ಕಳಿಸಿದರು. ಗುರುತು ಸಿಕ್ಕೀತೆಂದು ಹೆಂಡತಿಯ ಕೈಯಲ್ಲಿ ಬರೆಸಿದರು. ಬಹುಮಾನ ಬಂತು. ಒಳ್ಳೆಯ ಮನುಷ್ಯ, ತನ್ನ ಕೀರ್ತಿಯಿಂದ ಬಹುಮಾನ ಸಿಗಬಾರದೆಂದು ಹೆಸರು ಮುಚ್ಚಿಟ್ಟರು. ನಮ್ಮಲ್ಲೂ ಹೆಸರು ಮುಚ್ಚಿಡುವವರಿದ್ದಾರೆ. ಬಾಡಿಗೆ ಖೋಲಿ ಕೇಳುವಾಗ ಅಡ್ಡಹೆಸರು ನುಂಗುತ್ತೇವೆ. ಅವರು ಮುಚ್ಚಿಟ್ಟದ್ದು ಹೆಚ್ಚಿನದು ಸಿಗದಿರಲಿ ಎಂದು, ನಾವು ಮುಚ್ಚಿಡುವುದು ಇದ್ದದ್ದು ಹೋಗದಿರಲಿ ಎಂದು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿಗೆ ಹಾದಿ ಮಾಡಿದರು. ತೇಜಸ್ವಿಯವರ 'ಕರ್ವಾಲೊ' 1980ರದ್ದು. ಹಾರುವ ಓತಿಯನ್ನು ಕಂಡವನು ಜೇನು ಹಿಡಿಯುವ ಮಂದಣ್ಣ. ಊರು ಅವನನ್ನು ಪೆದ್ದನೆಂದು ತಳ್ಳಿದಾಗ ವಿಜ್ಞಾನಿ ಕರ್ವಾಲೊ ಅವನನ್ನು ನಂಬುತ್ತಾರೆ. ಕಾಡು ಬಲ್ಲವನ ಕಣ್ಣಿಗೆ ವಿಜ್ಞಾನ ತಲೆಬಾಗಿದ ಪುಸ್ತಕ ಅದು. ಮತ್ತೆ ನಮ್ಮ ದೇವನೂರರ 'ಕುಸುಮಬಾಲೆ'. ರಾತ್ರಿ ಊರ ದೀಪಗಳ ಜೋತಮ್ಮಗಳು ಒಂದೆಡೆ ಕೂಡಿ ತಮ್ಮ ತಮ್ಮ ಮನೆಯ ಸುದ್ದಿ ಆಡುತ್ತವೆ. ಆ ಭಾಷೆ ನಮ್ಮ ಬಾಯಿಗೆ ಕಷ್ಟ, ನಂಜನಗೂಡು ಸೀಮೆಯದು. ಗಟ್ಟಿಯಾಗಿ ಓದಿದಾಗ ತಿಳಿಯಿತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕವನ್ನು ಯಾರಾದರೂ ಹಸಿದವರಿಗೆ ಮಾಡಿದ ಮೋಸ ಅನ್ನುತ್ತಾರೇನು? ದೀಪ ಮಾತಾಡಿದ್ದರಿಂದ ಮನುಷ್ಯರು ಬಾಯಿಬಿಡಲಾಗದ್ದು ಹೊರಗೆ ಬಂತು.

ಕಾಕಾ ಹೇಳಿದ್ದರಲ್ಲಿ ನಿಜವೂ ಇದೆ, ಒಪ್ಪುತ್ತೇನೆ. ಈ ಜಾತಿಯ ಪುಸ್ತಕಗಳಲ್ಲಿ ಕಸವೇ ಬಹಳ. ನಾಯಕ ರಾಜವಂಶದವನು, ತನಗೇ ಗೊತ್ತಿರುವುದಿಲ್ಲ. ಕೊನೆಗೆ ರಕ್ತದ ಗುಣದಿಂದ ಗೆಲ್ಲುತ್ತಾನೆ. ಕೆಟ್ಟವರು ಕಪ್ಪು, ಒಳ್ಳೆಯವರು ಬಿಳುಪು. ಇದು ಹುಟ್ಟಿನಿಂದ ಮೇಲುಕೀಳೆಂಬ ಹಳೆಯ ವಿಷವೇ, ಹೊಸ ಬಾಟಲಿಯಲ್ಲಿ. ಇನ್ನು ಕೆಲವು ಭವಿಷ್ಯದ ಕತೆಗಳಲ್ಲಿ ಜಾತಿಯ ಹೆಸರೇ ಇಲ್ಲ. ಹೇಗೆ ಹೋಯಿತು, ಯಾರು ಹೋರಾಡಿ ತೆಗೆದರು, ಹೇಳುವುದಿಲ್ಲ. ಆಕಾಶನೌಕೆಯ ಕಕ್ಕಸ ಯಾರು ಬಳಿಯುತ್ತಾರೆಂದೂ ಹೇಳುವುದಿಲ್ಲ.

ಇದು ಸಣ್ಣ ಪ್ರಶ್ನೆಯಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಅದಾಗಿ ಎರಡು ತಿಂಗಳಿಗೆ, ಅಕ್ಟೋಬರ್ 20ರಂದು, ಗಟಾರಕ್ಕಿಳಿದು ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಮಲ ಬಳಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲೂ ಬಂದಿತ್ತು, 2013ರಲ್ಲೂ ಬಂದಿತ್ತು. ಚಂದ್ರನ ಮೇಲೆ ಮನುಷ್ಯನಿಲ್ಲದ ಯಂತ್ರ ಇಳಿಸಬಲ್ಲ ದೇಶಕ್ಕೆ ಗಟಾರಿಗೆ ಇಳಿಸಲು ಮಾತ್ರ ಇನ್ನೂ ಮನುಷ್ಯನೇ ಬೇಕು. ಈ ಎರಡು ದಿನಾಂಕಗಳ ನಡುವೆ ಒಂದು ಕನ್ನಡ ವೈಜ್ಞಾನಿಕ ಕಾದಂಬರಿ ಕಾದು ಕುಂತಿದೆ. ಅದನ್ನು ಯಾರು ಬರೆಯಬೇಕು?

ಹೈದರಾಬಾದಿನ ರೋಹಿತ್ ವೇಮುಲ ಬರೆಯಬಹುದಿತ್ತು. ಕಾರ್ಲ್ ಸಾಗನ್‌ನಂತೆ ವಿಜ್ಞಾನದ ಬರಹಗಾರನಾಗಬೇಕೆಂಬ ಆಸೆ ಅವನದು. 2016ರ ಜನವರಿ 17ರಂದು ಕೊನೆಗೆ ಬರೆಯಲಾದದ್ದು ಒಂದು ಪತ್ರ ಮಾತ್ರ, ಅದರಲ್ಲಿ ಆ ಆಸೆಯನ್ನೂ ಬರೆದಿಟ್ಟು ಹೋದ. ನಮ್ಮ ಹುಡುಗರು ನಕ್ಷತ್ರ ನೋಡಬಾರದು ಎಂದು ಮೇಲಿನವರು ಹೇಳುತ್ತಾರೆ. ಕಾಕಾ, ನೀವೂ ಅದನ್ನೇ ಹೇಳಬೇಡಿರಿ.

1902ರ ಜುಲೈ 26ರಂದು ಶಾಹೂ ಮಹಾರಾಜರು ಕೊಲ್ಹಾಪುರ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲಿಟ್ಟರು. ರಾಯಬಾಗ ಆಗ ಅವರ ಆಳ್ವಿಕೆಯಲ್ಲಿತ್ತು. 1925ರಲ್ಲಿ ಬಾಬಾಸಾಹೇಬರು ಬಹಿಷ್ಕೃತರ ಪರಿಷತ್ತಿಗೆಂದು ನಿಮ್ಮ ನಿಪ್ಪಾಣಿಗೆ ಬಂದರು. ಮಹಾಡದ ಕೆರೆಗೆ ಇನ್ನೂ ಎರಡು ವರ್ಷ ಇತ್ತು. ಸಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕುಂತ ಈ ಹುಡುಗ ಮುಂದೆ ದೇಶದ ಸಂವಿಧಾನ ಬರೆಯುತ್ತಾನೆ, 17ನೇ ವಿಧಿಯಲ್ಲಿ ಅಸ್ಪೃಶ್ಯತೆ ರದ್ದಾಗುತ್ತದೆ ಎಂದು ಅಂದು ಯಾರಾದರೂ ಕತೆ ಬರೆದಿದ್ದರೆ ಏನನ್ನುತ್ತಿದ್ದರು? ಹುಚ್ಚು ಕಲ್ಪನೆ ಅನ್ನುತ್ತಿದ್ದರು. ಆ ಕಲ್ಪನೆಯ ಅನ್ನ ಉಂಡು ನಾನು ನಮ್ಮ ಮನೆಯ ಮೊದಲ ಪದವೀಧರನಾಗಿದ್ದೇನೆ.

ಮೊನ್ನೆ ರಾತ್ರಿ ಅವ್ವನ ಎದುರಿಗೆ ಕುಂತು ಚಂದ್ರನ ಮೇಲೆ ಊರು ಕಟ್ಟುವ ಕತೆಯೊಂದನ್ನು ಹೇಳಿದೆ. ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತ ಕೇಳಿದಳು. ಮುಗಿದ ಮೇಲೆ ಎರಡೇ ಪ್ರಶ್ನೆ: "ಅಲ್ಲಿ ನೀರ ಯಾರ ಬಾವ್ಯಾಗಿಂದು ತರತಾರ? ಅಲ್ಲೂ ಕೇರಿ ಇರತೈತೇನು?" ಬರೆದವನಿಗೆ ಹೊಳೆಯದ ಪ್ರಶ್ನೆಗಳು. ಸಹಿ ಮಾಡಲು ಬಾರದ ಅವ್ವ ಆ ಕಾದಂಬರಿಯ ಅತ್ಯುತ್ತಮ ವಿಮರ್ಶಕಿ.

ಆದ್ದರಿಂದ ಗೆಳೆಯರೇ, ಹಳ್ಳಿಯ ಮಾಸ್ತರರೇ, ತಂಗಿಯರೇ, ಕೆಲಸ ಹಚ್ಚಿಕೊಳ್ಳೋಣ. ಮುಂದಿನ ರವಿವಾರ ಎಲ್ಲರೂ 2100ನೇ ಇಸವಿಯ ತಮ್ಮೂರಿನ ಬಗ್ಗೆ ನಾಲ್ಕು ಹಾಳೆ ಬರೆದು ತರಬೇಕು. ರಾಕೆಟ್ ಇರಲಿ, ಹಾರುವ ಚಪ್ಪಲಿ ಇರಲಿ, ದೀಪ ಮಾತಾಡಲಿ. ಆದರೆ ಬಾವಿ ಎಲ್ಲಿದೆ, ಹೆಣ ಯಾರು ಹೊರುತ್ತಾರೆ, ಗಟಾರ ಯಾರು ಬಳಿಯುತ್ತಾರೆ, ಭೂಮಿ ಯಾರದು, ಕೂಲಿ ಎಷ್ಟು, ಇಷ್ಟನ್ನು ಹೇಳದೆ ಮುಗಿಸುವಂತಿಲ್ಲ. ಜಾತಿ ಹೋಗಿದ್ದರೆ ಯಾವ ಹೋರಾಟದಿಂದ ಹೋಯಿತು, ಅದನ್ನೂ ಬರೆಯಬೇಕು.

ಕಾಕಾ, ನೀವೂ ಬರ್ರಿ. ಆ ಹೋರಾಟದ ಅಧ್ಯಾಯ ಬರೆಯೂದು ನಮಗಿಂತ ನಿಮಗ ಚಲೋ ಗೊತ್ತೈತಿ.